ನೀಲಿ ಬಳೆಯ ಕೋಳಿಗಳು

ಜೂನ್ 4

ಕಡ್ಡಿಗೆ ಅಪ್ಪನ ಆಶೀರ್ವಾದ.

ಇಲ್ಲಿ ನಾನು, ನಿನ್ನ ಅಕ್ಕ, ಅವಳ ಮಗಳು ಗುಬ್ಬಿ ಮತ್ತು ನೂರೆಂಬತ್ತು ಕೋಳಿಗಳು ಕ್ಷೇಮ. ಇನ್ನೂ ಕಡ್ಡಿ ಎಂದೇ ಕರೆಯುತ್ತೇನೆಂದು ಮೂತಿ ಉಬ್ಬಿಸಬೇಡ. ಲ್ಯಾಬಿನಲ್ಲಿ ನೀನು ಎಷ್ಟು ದೊಡ್ಡವಳಾದರೂ ನನ್ನ ಕಣ್ಣಿಗೆ ಕಡ್ಡಿಯೇ. ಈ ಕಾಲದಲ್ಲೂ ಕಾಗದ ಏಕೆ ಎಂದು ನಿನ್ನ ಗೆಳತಿಯರು ನಗುತ್ತಾರಂತೆ. ಮೂವತ್ತು ವರ್ಷ ಆಸ್ಪತ್ರೆಯ ಅಡುಗೆಮನೆಯಲ್ಲಿ ಆ ದೈತ್ಯ ಫ್ಯಾನುಗಳ ಕೆಳಗೆ ನಿಂತಿದ್ದರೆ ಅವರ ಕಿವಿಯೂ ಹೋಗುತ್ತಿತ್ತು. ಫೋನಿನಲ್ಲಿ ನೀನು ಒಂದು ಕೇಳಿದರೆ ನಾನು ಇನ್ನೊಂದು ಹೇಳುತ್ತೇನೆ. ನಿನ್ನ ಅಕ್ಕ ನಡುವೆ ನಿಂತು ಇಬ್ಬರಿಗೂ ಕಿರುಚುತ್ತಾಳೆ. ಕಾಗದದಲ್ಲಾದರೆ ನಾನು ಮತ್ತು ನೀನು ಮಾತ್ರ.

ನೀನು ಇಲ್ಲಿಂದ ವರ್ಗವಾಗಿ ಹೋಗುವ ಮುಂಚೆ ಕೊಡಿಸಿದ ಕೆಲಸ ನನಗೆ ಹಿಡಿಸಿದೆ. ಮೂರು ಕೊಠಡಿ, ಒಂದೊಂದರಲ್ಲಿ ಅರವತ್ತು ಕೋಳಿ. ಒಂದು ಕೊಠಡಿಯವಕ್ಕೆ ಕಾಲಿಗೆ ಕೆಂಪು ಬಳೆ, ಇನ್ನೊಂದರವಕ್ಕೆ ಹಳದಿ, ಮತ್ತೊಂದರವಕ್ಕೆ ನೀಲಿ. ಬಳೆಯ ಬಣ್ಣದ ಚೀಲದಿಂದಲೇ ಹಿಟ್ಟು ಹಾಕಬೇಕು, ಬೆರೆಸಕೂಡದು. ಮೊಟ್ಟೆಗಳನ್ನು ತೂಗಿ, ವಾರಕ್ಕೆ ಒಂದೊಂದು ಬಣ್ಣದ್ದು ನಾಲ್ಕರಂತೆ ನಿನ್ನ ಲ್ಯಾಬಿಗೆ ಕಳಿಸಿ, ಉಳಿದದ್ದನ್ನೆಲ್ಲ ಹಿತ್ತಲ ಗುಂಡಿಯಲ್ಲಿ ಒಡೆದು ಸುಣ್ಣ ಸುರಿದು ಮುಚ್ಚಬೇಕು. ಅದೊಂದೇ ನನ್ನಿಂದಾಗದ ಕೆಲಸ. ಆಗತಾನೇ ಇಟ್ಟ ಮೊಟ್ಟೆ ಹಿಡಿದರೆ ಅಂಗೈ ಬೆಚ್ಚಗಾಗುತ್ತದೆ. ಅದನ್ನು ಮಣ್ಣಿಗೆ ಹಾಕುವಾಗ ಹೊಟ್ಟೆ ಉರಿಯುತ್ತದೆ. ಎಂಟುನೂರು ರೋಗಿಗಳಿಗೆ ಅಡುಗೆ ಮಾಡಿ ಬಡಿಸಿದವನಿಗೆ ಇದೆಂಥ ಶಿಕ್ಷೆ ಎಂದು ಕೋಳಿಗಳನ್ನೇ ಕೇಳುತ್ತೇನೆ. ಅವೂ ನನ್ನ ಹಾಗೆಯೇ, ಬೇಕಾದದ್ದು ಮಾತ್ರ ಕೇಳಿಸಿಕೊಳ್ಳುತ್ತವೆ.

ಗುಬ್ಬಿಗೆ ನಾಲ್ಕು ತುಂಬಿತು. ತೂಕ ಮಾತ್ರ ಎರಡು ವರ್ಷದ ಮಗುವಿನದು. ಮೈಗೆ ಪ್ರೋಟೀನ್ ಸಾಲುತ್ತಿಲ್ಲ ಎಂದು ಡಾಕ್ಟರು ನಿನ್ನ ಅಕ್ಕನಿಗೆ ಬೈದು ಕಳಿಸಿದ್ದರು. ಬಾಯಿಗಿಟ್ಟದ್ದನ್ನೆಲ್ಲ ಉಗಿಯುತ್ತಿದ್ದವಳು ಈಗ ಸ್ವಲ್ಪ ಸ್ವಲ್ಪ ತಿನ್ನುತ್ತಿದ್ದಾಳೆ. ಹೇಗೆ ಎಂದು ಕೇಳಬೇಡ, ತಾತನ ಕೈಗುಣ.

ನಿನ್ನ ಅಪ್ಪ

ಜೂನ್ 13

ಪ್ರೀತಿಯ ಅಪ್ಪನಿಗೆ,

ಗುಬ್ಬಿ ತಿನ್ನುತ್ತಿದ್ದಾಳೆಂದು ಓದಿ ಎಷ್ಟು ಸಂತೋಷವಾಯಿತೆಂದರೆ, ಕಾಗದವನ್ನು ಲ್ಯಾಬಿನಲ್ಲೆಲ್ಲ ಓದಿ ಹೇಳಿದೆ. ಮೊಟ್ಟೆ ಹೂಳುವ ಭಾಗ ಬಿಟ್ಟು.

ಅಪ್ಪ, ಆ ವಿಷಯದಲ್ಲಿ ತಮಾಷೆ ಬೇಡ. ನಾವು ಪರೀಕ್ಷಿಸುತ್ತಿರುವುದು ತೊಟ್ಟಿಯಲ್ಲಿ ಬೆಳೆಸಿದ ಒಂದು ಬಗೆಯ ಬೂಷ್ಟಿನಿಂದ ತೆಗೆದ ಪ್ರೋಟೀನ್ ಪುಡಿಯನ್ನು. ಕೋಳಿಗೆ ಒಗ್ಗಿದರೆ ಮುಂದೆ ಮನುಷ್ಯರ ಆಹಾರಕ್ಕೂ ಬರಬಹುದು. ಒಗ್ಗುತ್ತದೋ ಇಲ್ಲವೋ ಯಾರಿಗೂ ತಿಳಿಯದು, ಅದಕ್ಕೇ ಪರೀಕ್ಷೆ. ಮೂರರಲ್ಲಿ ಒಂದು ಗುಂಪಿಗೆ ಆ ಪುಡಿ ಬೆರೆಸಿರುತ್ತಾರೆ ಎಂದು ನನ್ನ ಲೆಕ್ಕ. ಯಾವ ಬಣ್ಣಕ್ಕೆ ಎಂದು ನಿನಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಗೊತ್ತಿದ್ದರೆ ನಮಗೆ ಬೇಕಾದದ್ದೇ ನಮ್ಮ ಕಣ್ಣಿಗೆ ಬೀಳುತ್ತದೆ. ಅದಕ್ಕೆ ನಿರ್ದೇಶಕರು ಆ ಪಟ್ಟಿಯನ್ನು ಲಕೋಟೆಯಲ್ಲಿ ಹಾಕಿ ಅರಗಿನ ಮುದ್ರೆಯೊತ್ತಿ ಬೀರುವಿನಲ್ಲಿಟ್ಟಿದ್ದಾರೆ. ಪರೀಕ್ಷೆ ಮುಗಿಯುವವರೆಗೆ ಅದನ್ನು ಒಡೆಯುವಂತಿಲ್ಲ. ಒಡೆದರೆ ಮೂರು ವರ್ಷದ ಕೆಲಸ ನೀರುಪಾಲು.

ಹಾಗಾಗಿ ಹೊಟ್ಟೆ ಉರಿದರೂ ಸರಿ, ಹೂಳು. ಹೂಳುತ್ತಿದ್ದೀಯ ತಾನೇ? ಒಂದು ಸಾಲು ಬರೆ.

ನಿನ್ನ ಮಗಳು

ಜುಲೈ 22

ಕಡ್ಡಿಗೆ ಆಶೀರ್ವಾದ.

ಬರೆಯುವುದು ತಡವಾಯಿತು. ಕೊಠಡಿಯ ನೀರಿನ ನಲ್ಲಿ ಕೆಟ್ಟು ಹದಿನೈದು ದಿನ ಬಕೆಟ್ಟಿನಲ್ಲಿ ಹೊತ್ತೆ. ಸೊಂಟ ಹಿಡಿದಿದೆ. ನಿನ್ನ ಅಕ್ಕ ಬಟ್ಟೆ ಕಾರ್ಖಾನೆಗೆ ಬೆಳಿಗ್ಗೆ ಏಳಕ್ಕೇ ಓಡುವುದರಿಂದ ಗುಬ್ಬಿಯ ತಿಂಡಿ, ಜಡೆ, ಜಗಳ ಎಲ್ಲ ನನ್ನ ಪಾಲು. ನನ್ನ ತಲೆ ತಿನ್ನುವುದರಲ್ಲಿ ಅವಳಿಗೆ ಹಸಿವು ಯಾವಾಗಲೂ ಚೆನ್ನಾಗಿತ್ತು, ಈಗ ತಟ್ಟೆಯ ಮುಂದೆಯೂ ಬಂದಿದೆ. ಗಡಿಯಾರ ನೋಡುವುದನ್ನು ಕಲಿತಿದ್ದಾಳೆ. ನಾಲ್ಕು ವರ್ಷಕ್ಕೇ!

ಕೋಳಿಗಳಲ್ಲಿ ನನ್ನ ಮುದ್ದಿನವು ನೀಲಿ ಬಳೆಯವು. ಮೊಟ್ಟೆ ದಪ್ಪ, ಚಿಪ್ಪು ಗಟ್ಟಿ, ಒಳಗಿನ ಹಳದಿ ಬೇಯಿಸಿದರೂ ಬಣ್ಣ ಮಾಸುವುದಿಲ್ಲ. ಕೆಂಪಿನವು ಸೋಮಾರಿಗಳು, ಗೋಲಿಯಷ್ಟು ಇಟ್ಟು ಊರಿಗೆಲ್ಲ ಕೇಳುವಂತೆ ಕೂಗುತ್ತವೆ.

ನಿನ್ನ ಊಟ ಸರಿಯಾಗಿದೆಯೇ?

ನಿನ್ನ ಅಪ್ಪ

ಆಗಸ್ಟ್ 9

ಅಪ್ಪ,

ಇದನ್ನು ಬರೆಯುವುದೇ ತಪ್ಪು. ಓದಿ ಹರಿದು ಹಾಕು.

ಮೊಟ್ಟೆಯ ಬಿಳಿಯನ್ನು ತೆಳ್ಳನೆಯ ಜೆಲ್ಲಿಯ ಹಾಳೆಯ ಮೇಲೆ ಹಾಕಿ ಕರೆಂಟು ಹರಿಸುತ್ತೇವೆ. ಅದರಲ್ಲಿರುವ ಒಂದೊಂದು ಪ್ರೋಟೀನೂ ತನ್ನ ತನ್ನ ಜಾಗಕ್ಕೆ ಹೋಗಿ ಗೆರೆಯಾಗಿ ನಿಲ್ಲುತ್ತದೆ. ಎರಡು ತಿಂಗಳಿಂದ ನೋಡುತ್ತಿದ್ದೇನೆ. ಕೆಂಪಿನ ಗೆರೆಗಳು, ಹಳದಿಯ ಗೆರೆಗಳು ಒಂದಕ್ಕೊಂದು ಹೊಂದುತ್ತವೆ. ನೀಲಿ ಮಾತ್ರ ಬೇರೆ. ಪ್ರತಿ ವಾರವೂ ಬೇರೆ. ಅದರ ಮೇಲೆ, ಕಳೆದ ತಿಂಗಳು ಕೊಯ್ದು ನೋಡಿದ ಕೋಳಿಗಳಲ್ಲಿ ಕೆಲವುಗಳ ಕಿಡ್ನಿ ಊದಿತ್ತು ಎಂದು ಇಲ್ಲಿನ ಪಶುವೈದ್ಯೆ ಹೇಳಿದರು. ಬಳೆ ಬಿಚ್ಚಿ ಬರೀ ಸಂಖ್ಯೆ ಹಾಕಿ ಕಳಿಸುವುದರಿಂದ ಯಾವ ಬಣ್ಣದವು ಎಂದು ಅವರಿಗೂ ಗೊತ್ತಿಲ್ಲ. ಆ ಪುಡಿಯ ಒಂದು ಪ್ರೋಟೀನ್ ಕೋಳಿಯ ಹೊಟ್ಟೆಯಲ್ಲಿ ಅರಗದೆ, ಇಡಿಯಾಗಿ ಮೊಟ್ಟೆಗೆ ಇಳಿಯುತ್ತಿದೆ ಎಂದು ನನ್ನ ಅನುಮಾನ. ಹಾಗಿದ್ದರೆ ಅದು ಬೇಯಿಸಿದರೂ ಹೋಗುವಂಥದ್ದಲ್ಲ.

ನನಗೆ ಭಯವಿರುವುದು ನೀಲಿಯದ್ದೇ. ನೀನು ಆ ಮೊಟ್ಟೆಗಳನ್ನು ಬರಿಗೈಯಲ್ಲಿ ಒಡೆಯಬೇಡ. ಹೂಳುತ್ತಿದ್ದೇನೆ ಎಂದು ಹೋದ ಸಲ ನೀನು ಬರೆಯಲಿಲ್ಲ. ಮರೆತಿರಬೇಕು.

ಮಗಳು

ಆಗಸ್ಟ್ 14

ಕಡ್ಡಿಗೆ,

ಕಾಗದ ಬಂತು. ಹರಿದು ಒಲೆಗೆ ಹಾಕಿದೆ. ತಿಳಿಸಿದ್ದು ಒಳ್ಳೆಯದಾಯಿತು. ನೀಲಿಯವನ್ನು ಇನ್ನು ಮೇಲೆ ಕೈಗವಸು ಹಾಕಿಕೊಂಡೇ ಗುಂಡಿಗೆ ಹಾಕುತ್ತೇನೆ, ಒಂದನ್ನೂ ಬಿಡದೆ.

ಗುಬ್ಬಿಗೆ ಜಡೆ ಹಾಕಬೇಕು, ಹೆಚ್ಚು ಬರೆಯಲಾರೆ.

ಅಪ್ಪ

ಸೆಪ್ಟೆಂಬರ್ 27

ಕಡ್ಡಿಗೆ ಆಶೀರ್ವಾದ.

ಆರು ವಾರ ಬರೆಯಲಿಲ್ಲ ಎಂದು ಬೈದು ಎರಡು ಕಾಗದ ಹಾಕಿದ್ದೀಯ. ಬೈಗುಳ ತಲುಪಿದೆ.

ಒಳ್ಳೆಯ ಸುದ್ದಿ ಹೇಳುತ್ತೇನೆ ಕೇಳು. ಗುಬ್ಬಿಯ ಕೆನ್ನೆ ತುಂಬಿಕೊಂಡಿದೆ! ಜೂನ್‌ನಲ್ಲಿ ಕೊಂಡ ಚಪ್ಪಲಿ ಬಿಗಿಯಾಗಿ ಅಳುತ್ತಾಳೆ. ಮೊನ್ನೆ ತೂಗಿದಾಗ ಒಂದೇ ತಿಂಗಳಲ್ಲಿ ಎರಡು ಕಿಲೋ ಏರಿದ್ದಳು. ನಿನ್ನ ಅಕ್ಕ ಅವಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, "ಅಪ್ಪ, ನೋಡು, ಕೊನೆಗೂ ಮಗು ಮಗೂ ಥರ ಕಾಣ್ತಿದೆ" ಎಂದು ಅತ್ತುಬಿಟ್ಟಳು. ನಾನು ಮೊಮ್ಮಗಳನ್ನು ಬೀದಿಯಲ್ಲೆಲ್ಲ ಎತ್ತಿಕೊಂಡು ಓಡಾಡಿ ಬಂದೆ. ಸೊಂಟ ಮತ್ತೆ ಹಿಡಿಯಿತು, ಹಿಡಿದರೆ ಹಿಡಿಯಲಿ.

ಸ್ವಲ್ಪ ಮಂಕಾಗಿದ್ದಾಳೆ, ಮಧ್ಯಾಹ್ನವೆಲ್ಲ ನಿದ್ದೆ. ಬೆಳೆಯುವ ಮಕ್ಕಳು ಮಲಗುತ್ತವೆ.

ನಿನ್ನ ಅಪ್ಪ

ಅಕ್ಟೋಬರ್ 5

ಅಪ್ಪ,

ಗುಬ್ಬಿಯ ಸುದ್ದಿ ಓದಿ ಖುಷಿಯಾಗಿ, ನಿನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದು ಮತ್ತೆ ಓದುತ್ತಾ ಕುಳಿತೆ. ಜುಲೈ ಇಪ್ಪತ್ತೆರಡರ ಕಾಗದದ ಒಂದು ಸಾಲನ್ನು ದಾಟಲಾಗಲಿಲ್ಲ.

ನೀಲಿ ಬಳೆಯ ಮೊಟ್ಟೆಯ ಹಳದಿ "ಬೇಯಿಸಿದರೂ ಬಣ್ಣ ಮಾಸುವುದಿಲ್ಲ" ಎಂದು ಬರೆದಿದ್ದೀಯ. ಹಸಿ ಮೊಟ್ಟೆ ಒಡೆದು ಸುಣ್ಣ ಹಾಕುವವನಿಗೆ ಬೇಯಿಸಿದ ಹಳದಿಯ ಬಣ್ಣ ಹೇಗೆ ಗೊತ್ತು?

ಅಕ್ಕನಿಗೆ ಮೂರು ಸಲ ಫೋನ್ ಮಾಡಿದೆ. ಅವಳು ಎತ್ತುವ ಮುಂಚೆಯೇ ಇಟ್ಟೆ. ಏನೆಂದು ಕೇಳಲಿ? ಇಲ್ಲ ಎಂದು ನೀನೇ ಹೇಳಿಬಿಡು. ನೀನು ಒಬ್ಬನೇ ಒಂದು ದಿನ ಆಸೆಯಿಂದ ತಿಂದೆ ಎಂದು ಬರೆ, ಅದನ್ನಾದರೂ ನಂಬುತ್ತೇನೆ. ಗುಬ್ಬಿಯ ತಟ್ಟೆಗೆ ಹೋಗಿದೆ ಎಂದು ಮಾತ್ರ ಬರೆಯಬೇಡ.

ಈ ಕಾಗದ ತಲುಪಲು ಮೂರು ದಿನ, ನಿನ್ನದು ಬರಲು ಮೂರು ದಿನ. ಅಷ್ಟು ದಿನ ನಾನು ಏನು ಮಾಡಲಿ ಅಪ್ಪ?

ಮಗಳು

ಅಕ್ಟೋಬರ್ 8

ಮಗಳೇ,

ನಿನ್ನಿಂದ ಮುಚ್ಚಿಟ್ಟು ನನಗೂ ಊಟ ಸೇರುತ್ತಿರಲಿಲ್ಲ.

ಮಾರ್ಚ್ ತಿಂಗಳಿಂದ ಕೊಡುತ್ತಿದ್ದೆ. ದಿನಕ್ಕೊಂದು. ಅಂಗಡಿಯ ಮೊಟ್ಟೆಗೆ ವಾಸನೆ ಎಂದು ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ಅವಳ ಪಕ್ಕೆಲುಬು ಎಣಿಸಬಹುದಿತ್ತು. ಒಂದು ದಿನ ಗುಂಡಿಯ ಪಕ್ಕ ನೀಲಿ ಬಳೆಯ ಮೊಟ್ಟೆಯೊಂದು ಕೈಯಲ್ಲಿ ಬೆಚ್ಚಗೆ ಕೂತಿತ್ತು. ಜೇಬಿಗೆ ಹಾಕಿಕೊಂಡು ಬಂದೆ. ಬೇಯಿಸಿ ಕೊಟ್ಟೆ, ತಿಂದಳು. "ಇನ್ನೊಂದು ಇದ್ಯಾ ತಾತ?" ಎಂದಳು. ಆ ಮಾತು ಆ ಬಾಯಿಂದ ಬರುವುದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಆಮೇಲೆ ನನ್ನ ಕೈ ನಿಲ್ಲಲಿಲ್ಲ. ರಿಜಿಸ್ಟರಿನಲ್ಲಿ ಎಲ್ಲವನ್ನೂ ಹೂಳಿದೆ ಎಂದೇ ಬರೆದೆ.

ಆದರೆ ಕಣ್ಣು ಮುಚ್ಚಿಕೊಂಡು ಕೊಡಲಿಲ್ಲ. ಆಸ್ಪತ್ರೆಯ ಅಡುಗೆಮನೆಯ ನಿಯಮ ನಿನಗೆ ನೆನಪಿದೆಯಲ್ಲ. ಅಡುಗೆ ಇಳಿಸಿದ ಮೇಲೆ ಮೊದಲ ತಟ್ಟೆ ಅಡುಗೆಯವನದು. ಅವನು ತಿಂದು ಅರ್ಧ ಗಂಟೆ ಕಾಯಬೇಕು. ಅವನಿಗೆ ಏನೂ ಆಗದಿದ್ದರೆ ಮಾತ್ರ ವಾರ್ಡಿಗೆ ಗಾಡಿ ಹೊರಡಬೇಕು. ಮೂವತ್ತು ವರ್ಷ ಹಾಗೆಯೇ ಮಾಡಿದೆ. ಒಬ್ಬ ರೋಗಿಗೂ ನನ್ನ ಕೈಯಿಂದ ಹೊಟ್ಟೆ ನೋಯಲಿಲ್ಲ. ಇಲ್ಲಿಯೂ ಹಾಗೆಯೇ ಮಾಡಿದೆ. ದಿನಾ ಎರಡು ಬೇಯಿಸುತ್ತಿದ್ದೆ. ಒಂದನ್ನು ನಾನು ತಿಂದು, ಅರ್ಧ ಗಂಟೆ ಕಾದು, ಆಮೇಲೆ ಅವಳಿಗೆ. ಗುಬ್ಬಿ ಗಡಿಯಾರ ಕಲಿತದ್ದು ಹಾಗೆ. ಎದುರಿಗೆ ಕೂತು, "ತಾತ, ದೊಡ್ಡ ಮುಳ್ಳು ಕೆಳಗೆ ಬಂತು, ನಿಂಗೇನೂ ಆಗಿಲ್ಲ, ಕೊಡು" ಎನ್ನುತ್ತಾಳೆ.

ನಿನ್ನ ಆಗಸ್ಟ್ ಕಾಗದ ಬಂದ ದಿನದಿಂದ ನೀಲಿ ಬಳೆಯ ಒಂದು ಮೊಟ್ಟೆಯೂ ಈ ಮನೆಯ ಹೊಸ್ತಿಲು ದಾಟಿಲ್ಲ. ನಿನ್ನ ಅಮ್ಮನ ಆಣೆ. ಅಕ್ಕನಿಗೆ ಈಗಲೇ ಹೇಳಬೇಡ. ಅವಳು ನನ್ನ ಮುಖ ನೋಡದಂತಾದರೆ ನಾನು ಎಲ್ಲಿಗೆ ಹೋಗಲಿ?

ಅಪ್ಪ

ಅಕ್ಟೋಬರ್ 12

ಅಪ್ಪ, ಅಪ್ಪ, ಅಪ್ಪ,

ಮೊದಲು ಉಸಿರು ಬಿಡು. ಏನೂ ಆಗಿಲ್ಲ. ಗುಬ್ಬಿಗೆ ಏನೂ ಆಗುವುದಿಲ್ಲ.

ನಿನ್ನೆ ನಿನ್ನ ಕಾಗದ ಓದಿದವಳೇ ನೇರವಾಗಿ ನಿರ್ದೇಶಕರ ಕೋಣೆಗೆ ಹೋದೆ. ಎಲ್ಲವನ್ನೂ ಹೇಳಿದೆ, ನನ್ನ ಅಪ್ಪ ಹೀಗೆ ಮಾಡಿದ್ದಾರೆ, ನಾನೂ ಬರೆಯಬಾರದ್ದನ್ನು ಬರೆದಿದ್ದೇನೆ, ದಯವಿಟ್ಟು ಲಕೋಟೆ ಒಡೆಯಿರಿ ಎಂದೆ. ಅವರು ಮೇಜಿನಿಂದ ಬೀರುವಿನ ಕೀಲಿ ತೆಗೆದರು. "ಇದು ಒಡೆದ್ರೆ ನಿಮ್ಮ ಹೆಸರು ಈ ಕೆಲಸದಲ್ಲಿ ಎಲ್ಲೂ ಇರಲ್ಲ, ಗೊತ್ತು ತಾನೆ?" ಎಂದರು. "ಮಗು ಸರ್" ಎಂದಷ್ಟೇ ಹೇಳಲಾಯಿತು. ಬೀರು ತೆಗೆದರು.

ನೀಲಿ ಬರೀ ಮಾಮೂಲು ಹಿಟ್ಟು ಅಪ್ಪ! ಎಲ್ಲ ಕೋಳಿಗಳೂ ತಿನ್ನುವ ಮಾಮೂಲು ಹಿಟ್ಟು. ಹೊಸ ಪುಡಿ ಹಾಕುತ್ತಿದ್ದದ್ದು ಉಳಿದ ಎರಡಕ್ಕೂ. ಕೆಂಪಿಗೆ ಒಂದು ಪಾಲು, ಹಳದಿಗೆ ಎರಡು ಪಾಲು. ನಾನು ಒಂದೇ ಗುಂಪಿಗೆ ಎಂದುಕೊಂಡು, ಬೇರೆಯಾಗಿ ಕಂಡದ್ದೇ ಕೆಟ್ಟದ್ದು ಎಂದು ತೀರ್ಮಾನಿಸಿಬಿಟ್ಟಿದ್ದೆ. ಮೂವರಲ್ಲಿ ಇಬ್ಬರಿಗೆ ಕಾಯಿಲೆಯಾದರೆ ಬೇರೆಯಾಗಿ ಕಾಣುವವನು ಆರೋಗ್ಯವಂತನೇ ಅಲ್ಲವೇ? ಅಂಗಡಿಯ ಒಂದು ಮೊಟ್ಟೆಯನ್ನು ಪಕ್ಕದಲ್ಲಿಟ್ಟು ಗೆರೆ ನೋಡಿದ್ದರೆ ಸಾಕಿತ್ತು. ಇಷ್ಟು ಓದಿ ಅಷ್ಟು ಹೊಳೆಯಲಿಲ್ಲ. ಕಿಡ್ನಿ ಊದಿದ್ದವೂ ಕೆಂಪು ಮತ್ತು ಹಳದಿಯವೇ, ಹಳದಿಯವು ಬಹಳ ಹೆಚ್ಚು.

ಗುಬ್ಬಿಯ ಮೂತ್ರ ಪರೀಕ್ಷೆ ಮಾಡಿಸು ಎಂದು ಬರೆಯಬೇಕೆಂದಿದ್ದೆ. ಇನ್ನು ಬೇಡ. ಅಕ್ಕನಿಗೂ ಹೇಳುವುದು ಬೇಡ. ನನ್ನನ್ನು ಕೆಲಸದಿಂದ ಬಿಡಿಸಿದ್ದಾರೆ, ನಿನ್ನನ್ನೂ ಬಿಡಿಸುತ್ತಾರೆ. ಹೋಗಲಿ. ನಿನ್ನೆ ಎಷ್ಟೋ ವಾರಗಳ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ. ಅವಳ ತುಂಬಿದ ಕೆನ್ನೆಗೆ ಚಿಕ್ಕಮ್ಮನ ಒಂದು ಮುತ್ತು.

ನಿನ್ನ ಕಡ್ಡಿ

ಅಕ್ಟೋಬರ್ 16

ಮಗಳೇ,

ಇವತ್ತು ಕ್ಷೇಮ ಎಂದು ಬರೆಯಲಾರೆ.

ನಿನ್ನ ಅಕ್ಕ ಫೋನಿನಲ್ಲಿ ನಿನಗೆ ಎಲ್ಲ ಹೇಳಿದ್ದಾಳೆ, ನೀನು ರೈಲು ಹತ್ತಿದ್ದೀಯ ಎಂದು ಚೀಟಿಯಲ್ಲಿ ಬರೆದು ತೋರಿಸಿದಳು. ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ನೀನು ಬಂದ ಮೇಲೆ ಕೈಗೆ ಕೊಡುತ್ತೇನೆ. ಬಾಯಿಂದ ಹೇಳುವ ಶಕ್ತಿ ನನಗಿಲ್ಲ.

ನಿನ್ನ ಆಗಸ್ಟ್ ಕಾಗದ ಓದಿದ ದಿನ ನಾನು ನೀಲಿಯನ್ನು ಬಿಟ್ಟೆ. ಮೊಟ್ಟೆ ಬಿಡಲಿಲ್ಲ. ಭಯವಿರುವುದು ನೀಲಿಯದ್ದೇ, ಉಳಿದೆರಡು ಒಂದಕ್ಕೊಂದು ಹೊಂದುತ್ತವೆ ಎಂದು ನೀನು ಬರೆದಿದ್ದೆ. ಹಾಗಾದರೆ ಉಳಿದೆರಡು ಒಳ್ಳೆಯವು ಎಂದುಕೊಂಡೆ. ಕೆಂಪಿನವು ಗೋಲಿಯಷ್ಟು ಇಡುತ್ತವೆ. ಅದಕ್ಕೆ ಹಳದಿಯದನ್ನು ತಂದೆ. ಅವತ್ತಿನಿಂದ ಎರಡು ತಿಂಗಳು, ದಿನಕ್ಕೊಂದು. ನಿನ್ನ ಖುಷಿಯ ಕಾಗದವನ್ನು ಅಂಚೆಯವನು ತಂದುಕೊಟ್ಟಾಗ ಅವಳು ಅವತ್ತಿನದನ್ನು ತಿಂದು ಕೈ ತೊಳೆಯುತ್ತಿದ್ದಳು.

"ಹಳದಿಗೆ ಎರಡು ಪಾಲು" ಎಂಬ ಸಾಲನ್ನು ಎಷ್ಟು ಸಲ ಓದಿದೆನೋ ತಿಳಿಯದು. ಗುಬ್ಬಿಯ ಮುಖ ನೋಡಿದೆ. ಬೆಳಿಗ್ಗೆ ಅವಳ ರೆಪ್ಪೆಗಳು ಊದಿ ಕಣ್ಣು ಸಣ್ಣಗಾಗಿರುವುದನ್ನು ಎಷ್ಟೋ ದಿನದಿಂದ ನೋಡುತ್ತಿದ್ದೆ, ನಿದ್ದೆ ಹೆಚ್ಚಾಯಿತು ಎಂದುಕೊಂಡಿದ್ದೆ. ಅವಳ ಪಾದವನ್ನು ಬೆರಳಿನಿಂದ ಒತ್ತಿದೆ. ಒತ್ತಿದ ಗುಳಿ ಹಾಗೆಯೇ ಉಳಿಯಿತು. ಅದು ಮೈ ತುಂಬಿದ್ದಲ್ಲ ಮಗಳೇ, ನೀರು. ನಾನು ನೀರನ್ನು ಎತ್ತಿಕೊಂಡು ಬೀದಿಯಲ್ಲಿ ಮೆರೆದು ಬಂದೆ.

ಅವಳನ್ನು ಹೊತ್ತುಕೊಂಡು ಕಾರ್ಖಾನೆಗೇ ಓಡಿದೆ. ಹೊಲಿಗೆ ಯಂತ್ರಗಳ ನಡುವೆ ನಿಂತು ನಿನ್ನ ಅಕ್ಕನಿಗೆ ಎಲ್ಲ ಹೇಳಿದೆ. ಬೈಯಲಿಲ್ಲ. ಮಗುವನ್ನು ನನ್ನ ಕೈಯಿಂದ ತೆಗೆದುಕೊಂಡಳು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು.

ಈಗ ನಾನು ಮೂವತ್ತು ವರ್ಷ ದುಡಿದ ಆಸ್ಪತ್ರೆಯಲ್ಲೇ ಇದ್ದೇವೆ, ಮಕ್ಕಳ ವಾರ್ಡಿನಲ್ಲಿ. ಮೈಗೆ ಬೇಕಾದ ಪ್ರೋಟೀನೆಲ್ಲ ಮೂತ್ರದಲ್ಲಿ ಸೋರಿ ಹೋಗುತ್ತಿದೆ ಎಂದು ಡಾಕ್ಟರು ಹೇಳಿದರು. ನನ್ನ ಮೂತ್ರವನ್ನೂ ಪರೀಕ್ಷಿಸಿದರು. ನನ್ನದರಲ್ಲೂ ಇದೆ, ಸ್ವಲ್ಪ. ದೊಡ್ಡ ಮೈ ತಡೆದುಕೊಂಡಿದೆಯಂತೆ. ಗುಬ್ಬಿಯದು ತಡೆಯುತ್ತದೆಯೇ ಎಂದು ಕೇಳಿದೆ. ಮೊಟ್ಟೆಯಲ್ಲಿದ್ದದ್ದು ಏನು ಎಂದು ತಿಳಿಯದೆ ಏನೂ ಹೇಳಲಾರೆ ಎಂದರು. ಅದು ಗೊತ್ತಿರುವುದು ನಿನಗೆ. ಗೆರೆಗಳ ಚಿತ್ರಗಳನ್ನು ತಂದಿದ್ದೀಯ ತಾನೇ? ಈ ಕಾಗದ ಓದುವ ಮುಂಚೆಯೇ ಅವರಿಗೆ ಕೊಟ್ಟಿರುತ್ತೀಯ ಎಂದು ನಂಬಿದ್ದೇನೆ.

ಇದರಲ್ಲಿ ನಿನ್ನ ತಪ್ಪಿಲ್ಲ. ನೀನು ಹೂಳು ಎಂದೇ ಬರೆದಿದ್ದೆ. ರಾತ್ರಿ ಹಗಲು ನೀನು ಆ ಆಗಸ್ಟ್ ಕಾಗದವನ್ನೇ ನೆನೆಯುತ್ತಾ ಕೂರುತ್ತೀಯ ಎಂದು ನನಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ನಾನು ತಿಂದು ಅರ್ಧ ಗಂಟೆ ಕಾದೆ. ತಿಂಗಳುಗಟ್ಟಲೆ ಕಾಯಬೇಕಾದದ್ದನ್ನು ಅರ್ಧ ಗಂಟೆಯಲ್ಲಿ ಮುಗಿಸಿದೆ. ಅದು ನನ್ನದು.

ಕೆಳಗಿನ ಅಡುಗೆಮನೆಯಿಂದ ಇಪ್ಪತ್ತು ನಿಮಿಷದ ಹಿಂದೆ ಊಟದ ಗಾಡಿ ಬಂತು. ಉಪ್ಪಿಲ್ಲದ ಗಂಜಿ, ಗುಬ್ಬಿಗೆ ಒಂದು ಬಟ್ಟಲು. ಬಾಯಿ ತೆರೆಯಲಿಲ್ಲ. ಚಮಚವನ್ನು ನನ್ನ ಕಡೆಗೆ ಹಿಡಿದು, "ಮೊದಲು ನೀನು ತಾತ" ಎಂದಳು. ಅವಳ ಆ ಕೈಗೆ ಸೂಜಿ ಚುಚ್ಚಿದ್ದಾರೆ. ನಿನ್ನ ಅಕ್ಕ ಮುಖ ತಿರುಗಿಸಿಕೊಂಡಳು. ನಾನು ಒಂದು ಚಮಚ ತಿಂದೆ.

ಗುಬ್ಬಿ ಗೋಡೆಯ ಗಡಿಯಾರ ನೋಡುತ್ತಾ ಕಾಯುತ್ತಿದ್ದಾಳೆ. ದೊಡ್ಡ ಮುಳ್ಳು ಕೆಳಗೆ ಬರಲು ಇನ್ನೂ ಹತ್ತು ನಿಮಿಷವಿದೆ.

ಅಪ್ಪ